ಯಾರ ಮನೆಯ ಗುರುವಾರ?

ಎರಡು ಸಾವಿರದ ದಶಕದ ಮಾತು. ತುಮಕೂರಿನ ಬಟವಾಡಿಯಲ್ಲಿ ಕ್ಲಿನಿಕ್ ಒಂದರ ಮೇಲಿನ ಮಹಡಿಯ ಆಫೀಸಿನಲ್ಲಿ ನಾನು ಡೇಟಾಬೇಸ್ ನೋಡಿಕೊಳ್ಳುತ್ತಿದ್ದೆ. ಇಲ್ಲಿ ತೆಗೆದ ಸ್ಕ್ಯಾನ್‌ಗಳನ್ನು ಅಮೆರಿಕದಲ್ಲಿ ಕೂತ ಡಾಕ್ಟರು ನೋಡಿ, ಅಲ್ಲಿಂದಲೇ ನಮ್ಮ ಡೇಟಾಬೇಸಿಗೆ ವರದಿ ಹಾಕುತ್ತಿದ್ದರು. ಗುಬ್ಬಿಯಿಂದ ನನ್ನನ್ನು ಕೆಲಸಕ್ಕೆ ಕಳಿಸುವಾಗ ಅಬ್ಬಾ ಒಂದೇ ಮಾತು ಹೇಳಿದ್ದರು: "ಒಂದ್ ಕಂಪ್ಲೇಂಟ್ ಬಂದ್ರೂ ಮನೇಲಿರ್ಬೇಕು, ಬೇಟಿ." ಈ ಕೆಲಸ ಹೋದರೆ ಮತ್ತೆ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಇಂಥ ದಿನದ ವರದಿ ಕೊಡು ಎಂದರೆ ಕಂಪ್ಯೂಟರ್ ತೆವಳುತ್ತಿತ್ತು. ದಿನಕ್ಕೊಂದು ಗೂಡು ಮಾಡಿ ಜೋಡಿಸಿದಂತೆ ಇಂಡೆಕ್ಸ್ ಕಟ್ಟಲು ಹೊರಟೆ. ಡೇಟಾಬೇಸ್ ಒಪ್ಪಲೇ ಇಲ್ಲ. ಕ್ಷಣ ಒಂದೇ ಆದರೂ ಅದು ಯಾವ ದಿನ ಅನ್ನುವುದು ಕೇಳುವವರ ಟೈಮ್ ಝೋನ್ ನೋಡಿ ಬದಲಾಗುತ್ತದೆ. ಬದಲಾಗುವುದನ್ನು ಗೂಡಿನಲ್ಲಿ ಇಡಲಾರೆ ಎಂದಿತು.

ಆಫೀಸಿನ ಮಾಲೀಕರು ಸಲೀಸಾಗಿ ಹೇಳಿದರು: "ದಿನ ಲೆಕ್ಕ ಹಾಕೋ ಒಂದ್ ಫಂಕ್ಷನ್ ಬರ್ದು, ಇದು ಬದಲಾಗೋದೇ ಇಲ್ಲ ಅಂತ ಹಾಕ್ಬುಡು. ಅದಕ್ಕೇನ್ ಗೊತ್ತಾಗುತ್ತೆ?"

ಮೈಯೆಲ್ಲ ಉರಿಯಿತು. ಸುಳ್ಳು ಬರೆಯುವುದಕ್ಕೆ ನಾನೇ ಸಿಕ್ಕಿದೆನೇ? ನಮ್ಮ ಮನೆಯಲ್ಲಿ ಸೂರ್ಯ ಮುಳುಗಿ ಮಗ್ರಿಬ್ ಅಜಾನ್ ಆಯಿತೆಂದರೆ ಮಾರನೆಯ ದಿನ ಶುರು. ಗುರುವಾರ ಸಂಜೆ ಅಮ್ಮಿ ಶುಕ್ರವಾರ ಬಂತೆಂದು ಊದುಬತ್ತಿ ಹಚ್ಚುವಾಗ, ಪಕ್ಕದ ಲಿಂಗಾಯತರ ಮನೆಯಲ್ಲಿ ಇನ್ನೂ ಗುರುವಾರವೇ. ನಡುವೆ ಒಂದು ಗೋಡೆ. ಯಾರೂ ಸುಳ್ಳರಲ್ಲ, ಯಾರ ಮನೆಯ ದಿನ ಎಂದು ಹೇಳಬೇಕು, ಅಷ್ಟೇ.

"ಇಂಡೆಕ್ಸ್‌ನಲ್ಲೇ ಇಂಡಿಯಾ ಟೈಮ್ ಅಂತ ಬರೀತೀನಿ ಸಾರ್, ಹುಡುಕುವಾಗ್ಲೂ ಹಂಗೇ ಕೇಳೋಣ. ನೀವ್ ಹೇಳ್ದಂಗೆ ಮಾಡಿದ್ರೆ, ನಮ್ಮ ಶುಕ್ರವಾರ ಬೆಳಗ್ಗಿನ ರಿಪೋರ್ಟು ಅಮೆರಿಕದಿಂದ ಬಂದು, ಅಲ್ಲಿನ್ನೂ ಗುರುವಾರ ರಾತ್ರಿ ಅಂತ ಗುರುವಾರದ ಗೂಡಿಗೆ ಬೀಳುತ್ತೆ. ಪೇಷಂಟ್ ಬಂದು ಕೇಳಿದ್ರೆ ರಿಪೋರ್ಟೇ ಇಲ್ಲ ಅನ್ನುತ್ತೆ. ನಾನ್ ಮಾಡಲ್ಲ."

"ಏನಮ್ಮ, ನಂಗೇ ಪಾಠನಾ? ಹೇಳಿದ್ದ್ ಮಾಡು. ಇಲ್ದಿದ್ರೆ ನಾಳೆಯಿಂದ ಬರ್ಬೇಡ."

ಅಬ್ಬಾನ ಮುಖ ಕಣ್ಣೆದುರು ಬಂತು. ಅಷ್ಟರಲ್ಲಿ ಕಿಟಕಿಯಾಚೆ, ಹೈವೇ ಬಸ್ಸುಗಳ ಹಾರನ್ ನಡುವೆ, ಮಗ್ರಿಬ್ ಅಜಾನ್ ಕೇಳಿಸಿತು.

"ನಮ್ಮನೇಲಿ ನಾಳೆ ಈಗ್ಲೇ ಶುರುವಾಯ್ತು ಸಾರ್," ಎಂದೆ. "ನಾನಾಗ್ಲೇ ಬಂದು ಕೂತಿದೀನಿ."

ಕೀಬೋರ್ಡ್ ಎಳೆದುಕೊಂಡು ಇಂಡಿಯಾ ಟೈಮ್ ಎಂದು ಸೇರಿಸಿ ಎಂಟರ್ ಒತ್ತಿದೆ. ಡೇಟಾಬೇಸ್ ತಕರಾರಿಲ್ಲದೆ ಒಪ್ಪಿಕೊಂಡಿತು. ಗುರುವಾರದ ವರದಿ ಕೇಳಿದೆ, ಶುಕ್ರವಾರದ್ದು ಕೇಳಿದೆ, ಪಟಪಟನೆ ಬಂದವು. ಮಾಲೀಕರು ಬಗ್ಗಿ ನೋಡಿದರು.

"ಥೂ, ನಾಡಿದ್ದಿಂದ ಬರ್ಬೇಡ ಅನ್ಬೇಕಿತ್ತು," ಎಂದು ಗೊಣಗಿಕೊಂಡು ಮೆಟ್ಟಿಲಿಳಿದರು.

ಮಾರನೆಯ ಬೆಳಿಗ್ಗೆಯೂ ಹೋದೆ. ಅದರ ಮಾರನೆಯ ಬೆಳಿಗ್ಗೆಯೂ ಹೋದೆ.