ಬ್ರೆಡ್ ಮಾವನ ಬಾಲ್ಕನಿ ಕ್ಯಾಬಿನ್

ನಮ್ಮ ಸೋದರಮಾವ ಬೆಳಗ್ಗೆ ಹನ್ನೊಂದರ ಹೊತ್ತಿಗೆ ನನ್ನ ಆಫೀಸಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದಾಗ ನಾನು ಗಾಬರಿಯಿಂದ ಎದ್ದು ನಿಂತೆ. ಆ ಹೊತ್ತಿನಲ್ಲಿ ಮಾವ ಎದ್ದು ಓಡಾಡುತ್ತಿದ್ದಾರೆ ಎಂದರೆ ಮನೆಯಲ್ಲಿ ಯಾರಿಗೋ ಏನೋ ಆಗಿದೆ ಎಂದೇ ಲೆಕ್ಕ. ಮೀಸೆ ಚಿಗುರುವ ವಯಸ್ಸಿಗೆ ಬೇಕರಿ ಸೇರಿದವರು ಅವರು. ಊರು ಮಲಗುವಾಗ ಕೆಲಸಕ್ಕೆ ಹೊರಟು, ಊರು ಏಳುವಾಗ ಮನೆಗೆ ಬಂದು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಮಲಗಿದರೆ ಮಧ್ಯಾಹ್ನದ ತನಕ ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ. ನೆಂಟರಿಷ್ಟರೆಲ್ಲ ಅವರನ್ನು ಕರೆಯುತ್ತಿದ್ದುದೇ ಬ್ರೆಡ್ ಮಾವ ಎಂದು.

“ಏನಾಯ್ತು ಮಾವ? ಅತ್ತೆ ಹುಷಾರಾಗಿದ್ದಾರಾ?” ಎಂದೆ.

“ಅವಳಿಗೇನು, ಗುಂಡುಕಲ್ಲಿನ ಹಾಗಿದ್ದಾಳೆ. ನಾನು ಹಡಗಿನ ವಿಷಯ ಮಾತಾಡೋಕೆ ಬಂದೆ,” ಎಂದು ಕುರ್ಚಿ ಎಳೆದುಕೊಂಡು ಕೂತರು. ಕೂತ ಮೇಲೆ ಒಮ್ಮೆ ತಿರುಗಿ ಬಾಗಿಲ ಕಡೆ ನೋಡಿದರು. “ನಾನು ಬಂದಿದ್ದು ನಿಮ್ಮತ್ತೆಗೆ ಗೊತ್ತಾಗೋದು ಬೇಡ ಪುಟ್ಟಿ.”

ಬೇಕರಿಯ ಯಜಮಾನರಿಗೆ ವಯಸ್ಸಾಗಿ ಅಂಗಡಿ ಆಗಷ್ಟೇ ಬೇರೆಯವರ ಕೈಗೆ ಹೋಗಿತ್ತು. ಹೊಸಬರು ಹಿಟ್ಟು ಕಲಸುವುದರಿಂದ ಹಿಡಿದು ಬ್ರೆಡ್ ಕೊಯ್ಯುವ ತನಕ ಎಲ್ಲಕ್ಕೂ ಮಷೀನು ತಂದರು. ಮಾವನ ಮಂಡಿಗಳೂ ಸಾಕಪ್ಪಾ ಸಾಕು ಎನ್ನುತ್ತಿದ್ದವು. ಅವರು ಏಪ್ರನ್ ಬಿಚ್ಚಿಟ್ಟು ಮನೆಗೆ ಬಂದರು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಟೇಬಲ್ಲಿಗೆ ಕೂತು ರೋಗಿಗಳನ್ನು ಒಳಗೆ ಕಳಿಸುತ್ತಿದ್ದ ಅತ್ತೆ ಅದಕ್ಕೂ ಮೊದಲೇ ಕೆಲಸ ಬಿಟ್ಟಿದ್ದರು. “ಇನ್ಮೇಲೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋದು ಇದ್ದೇ ಇದೆ. ಅದಕ್ಕೆ ಮೊದಲು ಒಂದು ವಾರ ಇಬ್ಬರೂ ಸಮುದ್ರ ನೋಡೋಣ,” ಎಂದು ಅವರೇ ಹಡಗಿನ ಪ್ರವಾಸ ನಿಶ್ಚಯ ಮಾಡಿದ್ದರು. ನಾನು ಟಿಕೆಟ್ ಮಾಡಿಸುವ ಆಫೀಸಿನಲ್ಲಿ ಇರುವುದರಿಂದ ಉಳಿದ ಹೊಣೆ ನನ್ನ ತಲೆಗೆ ಬಂತು.

“ಹಡಗಿನ ಹೊಟ್ಟೆಯೊಳಗೆ ಕಿಟಕಿನೇ ಇಲ್ಲದ ರೂಮುಗಳು ಇರ್ತಾವಂತಲ್ಲ,” ಎಂದರು ಮಾವ. “ಅದರಲ್ಲಿ ಒಂದು ಕೊಡು.”

“ಮಾವ, ಸಮುದ್ರ ನೋಡೋಕೆ ಅಂತ ಹೋಗಿ ಪೆಟ್ಟಿಗೆಯೊಳಗೆ ಮಲಗ್ತೀರಾ?”

“ಬೆಳಕು ಬಿದ್ದರೆ ನನಗೆ ನಿದ್ದೆ ಹತ್ತಲ್ಲ. ಕತ್ತಲೆ ಒಂದಿದ್ರೆ ಎಲ್ಲಿ ಬೇಕಾದ್ರೂ ಮಲಗ್ತೀನಿ. ಸಮುದ್ರ ಎಲ್ಲಿಗೆ ಹೋಗುತ್ತೆ, ಮೇಲೆ ಹತ್ತಿ ನೋಡಿದ್ರಾಯ್ತು.”

ಅವರ ಮನೆ ಕಂಡವರಿಗೆ ಇದು ಅರ್ಥವಾಗುವ ಮಾತು. ಎರಡು ಕೋಣೆಯ ಮನೆ. ಮಲಗುವ ಕೋಣೆಯ ಕಿಟಕಿಗೆ ಅತ್ತೆ ದಪ್ಪ ಕಪ್ಪು ಬಟ್ಟೆಯನ್ನು ಎರಡು ಪದರ ಮಾಡಿ ಹೊಲಿದು ಹಾಕಿದ್ದರು. ಬೆಳಗಿನ ಹೊತ್ತು ಆ ಮನೆಯಲ್ಲಿ ಮಿಕ್ಸಿ ತಿರುಗುತ್ತಿರಲಿಲ್ಲ, ಬಾಗಿಲು ಸದ್ದು ಮಾಡುತ್ತಿರಲಿಲ್ಲ. ನಾವು ಮಕ್ಕಳು ರಜಕ್ಕೆ ಹೋದರೆ ತುದಿಗಾಲಲ್ಲಿ ನಡೆಯುವುದನ್ನು ಕಲಿತು ಬರುತ್ತಿದ್ದೆವು. ಅತ್ತೆ ಮಗಳನ್ನು ಬೈಯುವುದೂ ಪಿಸುಮಾತಿನಲ್ಲೇ.

ಅದೇ ವಾರ ಊಟದ ಹೊತ್ತಿಗೆ ಅತ್ತೆ ಬಂದರು. ಅವರೂ ಮೊದಲು ಬಾಗಿಲ ಕಡೆ ನೋಡಿದರು.

“ನಿಮ್ಮ ಮಾವನಿಗೆ ಹೇಳ್ಬೇಡ ಕಣೇ. ಬಾಲ್ಕನಿ ಇರೋ ರೂಮು ಬುಕ್ ಮಾಡ್ಬಿಡು. ಹಡಗು ಬಿಟ್ಟ ಮೇಲೆ ಇಳಿಯೋಕಾಗುತ್ತಾ? ಗೊಣಗ್ತಾರೆ, ಗೊಣಗಲಿ.”

ನಾನು ಅಡಕತ್ತರಿಯಲ್ಲಿ ಸಿಕ್ಕಿಬಿದ್ದೆ. ಇವರ ಮಾತು ಕೇಳಿದರೆ ಅವರಿಗೆ ಮೋಸ, ಅವರ ಮಾತು ಕೇಳಿದರೆ ಇವರಿಗೆ. ಕೊನೆಗೆ ಹಡಗಿನ ನಕ್ಷೆ ನೋಡುವ ನೆಪ ಹೇಳಿ ಶನಿವಾರ ಇಬ್ಬರನ್ನೂ ಒಟ್ಟಿಗೆ ಕರೆಸಿದೆ. ಕಾಫಿ ತರಿಸಿ, ನಕ್ಷೆಯನ್ನು ಮೇಜಿನ ಮೇಲೆ ಹರಡಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕದ್ದು ತಿನ್ನುವಾಗ ಸಿಕ್ಕಿಬಿದ್ದ ಮಕ್ಕಳ ಹಾಗೆ.

“ನಿನಗ್ಯಾಕೆ ಈಗ ಬಾಲ್ಕನಿ ಹುಚ್ಚು?” ಎಂದು ಮಾವ ಕೇಳಿದರು.

“ನನಗಲ್ಲ, ನಿಮಗೆ.”

“ನನಗೆ ಕತ್ತಲೆ ಸಾಕು ಅಂತ ನಿನಗೆ ಗೊತ್ತಿಲ್ವಾ?”

ಅತ್ತೆ ಕಾಫಿ ಲೋಟ ಕೆಳಗಿಟ್ಟರು. “ಹಗಲು ಮಲಗೋಕೆ ಕತ್ತಲೆ ಬೇಕಿತ್ತು, ಸರಿ. ಈಗ ನೀವು ರಾತ್ರಿ ಮಲಗಬೇಕಲ್ಲ? ರಜದ ರಾತ್ರಿಗಳಲ್ಲಿ ನಿದ್ದೆ ಬರದೆ ನೀವು ಎಲ್ಲಿ ಕೂತಿರ್ತಿದ್ರಿ ಅಂತ ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಹಾಲಲ್ಲಿ ಮಗಳು, ಕೋಣೇಲಿ ನಾನು. ಬಚ್ಚಲಲ್ಲಿ ಬಕೆಟ್ ಬೋರಲು ಹಾಕ್ಕೊಂಡು ಹಳೇ ಪೇಪರ್ ಓದ್ತಿದ್ರಿ.”

ಮಾವ ಕತ್ತೆತ್ತಿ ಅತ್ತೆಯನ್ನು ನೋಡಿದರು. “ನಿನಗೆ ಎಚ್ಚರ ಇರ್ತಿತ್ತಾ?”

“ಬಕೆಟ್ ಸದ್ದು ಮಾಡಲ್ವಾ?” ಎಂದರು ಅತ್ತೆ. “ಹಡಗಿನ ಆ ಕತ್ತಲೆ ರೂಮಲ್ಲಿ ಬಚ್ಚಲು ಅನ್ನೋದು ಬೀರುವಿನಷ್ಟಿದೆ. ನಾನು ಏಳ್ತೀನಿ ಅಂತ ಹೆದರಿ ಲೈಟೂ ಹಾಕದೆ ಮಂಚದ ತುದೀಲಿ ಕಳ್ಳನ ಹಾಗೆ ಕೂತಿರ್ತೀರಿ. ಬಾಲ್ಕನಿ ಇದ್ರೆ ಬಾಗಿಲು ತೆಗೆದು ಆಚೆ ಹೋಗಿ ಗಾಳಿಗೆ ಕೂರಬಹುದು. ಅಷ್ಟೇ ನಾನು ಯೋಚನೆ ಮಾಡಿದ್ದು.”

ಮಾವ ಜೇಬಿನಿಂದ ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಒರೆಸಿ ಹಾಕಿಕೊಂಡರು. “ಸರಿ, ತೋರಿಸು ಪುಟ್ಟಿ, ಬಾಲ್ಕನಿ ಎಲ್ಲೆಲ್ಲಿದೆ?”

ಒಪ್ಪಿಕೊಂಡ ಮೇಲೆ ಮಾವ ಹಿಟ್ಟು ಆರಿಸುವಷ್ಟೇ ಶ್ರದ್ಧೆಯಿಂದ ಕ್ಯಾಬಿನ್ ಆರಿಸಲು ಕೂತರು. ಮೊದಲು ಕೇಳಿದ್ದು ಓವನ್ ಎಲ್ಲಿದೆ ಎಂದು. ಹಡಗಿನಲ್ಲೇ ದಿನಾ ಬ್ರೆಡ್ ಮಾಡುತ್ತಾರೆ ಎಂದು ನಾನು ಬಾಯಿ ಜಾರಿ ಹೇಳಿದ್ದೆ.

“ಅದರ ಹತ್ತಿರ ಬೇಡವೇ ಬೇಡ,” ಎಂದರು ಅತ್ತೆ. “ವಾಸನೆ ಮೂಗಿಗೆ ಬಡಿದರೆ ಇವರು ಒಳಗೆ ನುಗ್ಗಿ ಹಿಟ್ಟು ನಾದೋಕೆ ನಿಲ್ತಾರೆ. ಆಮೇಲೆ ನಾನು ಇವರ ಮುಖ ನೋಡೋದು ಹಡಗು ಇಳಿಯೋವಾಗಲೇ.”

ಅಡುಗೆಮನೆಯಿಂದ ದೂರ ಎಂದು ಹಿಂಭಾಗದ ಕ್ಯಾಬಿನ್ ತೋರಿಸಿದೆ. ಆದರೆ ಅಲ್ಲಿ ಎಂಜಿನ್ನಿನ ನಡುಕ ಜಾಸ್ತಿ. ಮೇಲಿನ ಮಹಡಿಯಲ್ಲಿ ನೋಟ ಚೆನ್ನ, ಅಲೆ ಎದ್ದರೆ ತೂಗುವುದೂ ಅಲ್ಲೇ ಹೆಚ್ಚು. ಒಂದು ಕ್ಯಾಬಿನ್ ಡ್ಯಾನ್ಸ್ ಹಾಲಿನ ಕೆಳಗಿತ್ತು. “ತಲೆ ಮೇಲೆ ಕುಣಿಸ್ಕೊಳ್ಳೋಕೆ ನಾವು ಹೋಗ್ಬೇಕಾ?” ಎಂದು ಅತ್ತೆ ಅದನ್ನು ಬೆರಳಿನಿಂದಲೇ ಸರಿಸಿದರು. ಇನ್ನೊಂದರ ಎದುರಿಗೆ ಅಪಾಯದ ಹೊತ್ತಿಗೆಂದು ತೂಗುಹಾಕಿದ ದೊಡ್ಡ ದೋಣಿ ಇತ್ತು. ಅಲ್ಲಿ ಕೂತರೆ ದೋಣಿಯ ಹೊಟ್ಟೆ ನೋಡುತ್ತ ಕಾಫಿ ಕುಡಿಯಬೇಕು, ಅಷ್ಟೇ.

ನಡುಭಾಗದಲ್ಲಿ, ಬಹಳ ಮೇಲೂ ಅಲ್ಲದ ಬಹಳ ಕೆಳಗೂ ಅಲ್ಲದ ಮಹಡಿಯಲ್ಲಿ ಎರಡು ಉಳಿದವು. ಒಂದರ ಬಾಲ್ಕನಿಗೆ ಕಬ್ಬಿಣದ ತಗಡಿನ ಮರೆ, ಇನ್ನೊಂದಕ್ಕೆ ಗಾಜಿನದು. ನನಗೆ ಅದೊಂದು ವ್ಯತ್ಯಾಸ ಅನ್ನಿಸಿರಲಿಲ್ಲ. ಮಾವ ಎದ್ದು, ಕೂತಿದ್ದ ಅತ್ತೆಯ ಮುಂದೆ ಅಂಗೈ ಅಡ್ಡ ಹಿಡಿದು ನಿಂತರು.

“ಇಷ್ಟೆತ್ತರಕ್ಕೆ ತಗಡು ಬಂದ್ರೆ, ಕೂತಾಗ ನಿನಗೆ ಏನು ಕಾಣುತ್ತೆ?”

ಕುಳ್ಳಗಿನ ಅತ್ತೆ ಕತ್ತು ಚಾಚಿ ನೋಡಿದರು. “ನಿಮ್ಮ ಕೈ ಕಾಣುತ್ತೆ.”

“ಗಾಜಿಂದು ಮಾಡು ಪುಟ್ಟಿ,” ಎಂದರು ಮಾವ.

ಎಡಗಡೆಯೋ ಬಲಗಡೆಯೋ ಎಂಬ ಪ್ರಶ್ನೆ ಒಂದು ಉಳಿದಿತ್ತು. ಎಡಗಡೆಯಾದರೆ ಹಡಗು ಉತ್ತರಕ್ಕೆ ಹೋಗುವಾಗ ಬೆಳಗಿನ ಬಿಸಿಲು ಬೀಳುವುದಿಲ್ಲ, ದಕ್ಷಿಣಕ್ಕೆ ತಿರುಗಿ ಬರುವಾಗ ಸೂರ್ಯ ಮುಖದ ಮೇಲೇ ಏಳುತ್ತಾನೆ. “ಹೋಗೋವಾಗ ನಿಮ್ಮ ಇಷ್ಟ, ಬರೋವಾಗ ನನ್ನ ಇಷ್ಟ,” ಎಂದು ಅತ್ತೆ ತೀರ್ಪು ಕೊಟ್ಟು ಚೀಲ ಹೆಗಲಿಗೆ ಹಾಕಿಕೊಂಡರು.

ಮುಂದಿನದು ಅವರಿಬ್ಬರೂ ಒಬ್ಬರ ಮಾತು ಒಬ್ಬರು ತುಂಡು ಮಾಡುತ್ತ ನನಗೆ ಹೇಳಿದ್ದು.

ಹಡಗಿನಲ್ಲಿ ಮೊದಲ ಬೆಳಗು ಅತ್ತೆಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಬಚ್ಚಲಿನಲ್ಲೂ ಯಾರಿಲ್ಲ. ಪರದೆ ಸರಿಸಿದರೆ ಮಾವ ಬಾಲ್ಕನಿಯ ಕುರ್ಚಿಯಲ್ಲಿ, ತಲೆಗೆ ಟವಲ್ ಸುತ್ತಿ, ಕಂಬಳಿ ಹೊದ್ದು ಕೂತಿದ್ದಾರೆ. ಆಕಾಶ ಬೂದಿ ಬಣ್ಣಕ್ಕೆ ತಿರುಗಿತ್ತು. ಅತ್ತೆ ಬಾಗಿಲು ತೆಗೆದು, ಅಭ್ಯಾಸಬಲದಿಂದ ಪಿಸುದನಿಯಲ್ಲಿ ಏನೋ ಕೇಳಿದರು. ಗಾಳಿ ಅದನ್ನು ಹೊತ್ತುಕೊಂಡು ಹೋಯಿತು.

“ಏನು?” ಎಂದರು ಮಾವ.

ಅತ್ತೆ ಮತ್ತೆ ಪಿಸುಗುಟ್ಟಿದರು.

“ಜೋರಾಗಿ ಮಾತಾಡೇ. ಮಲಗೋನು ನಾನೇ ಎದ್ದು ಕೂತಿದ್ದೀನಿ, ಇನ್ಯಾರಿಗೆ ಹೆದರ್ತೀಯ?”

ಆಮೇಲೆ ಅತ್ತೆ ಎಷ್ಟು ಜೋರಾಗಿ ಮಾತಾಡಿದರೆಂದರೆ ಪಕ್ಕದ ಬಾಲ್ಕನಿಯವರು ಬಗ್ಗಿ ನೋಡಿ ಶುಭೋದಯ ಹೇಳಿದರಂತೆ. ಇಬ್ಬರೂ ಅಲ್ಲೇ ಕೂತು, ನೀರಿನ ಬಣ್ಣ ಕಪ್ಪಿನಿಂದ ಸೀಸಕ್ಕೆ, ಸೀಸದಿಂದ ನೀಲಿಗೆ ಬರುವುದನ್ನು ನೋಡಿದರು. ಅಷ್ಟು ವರ್ಷ ಕೆಲಸದಿಂದ ಮನೆಗೆ ಬರುವ ದಾರಿಯಲ್ಲಿ ದಿನಾ ಬೆಳಗಾಗುವುದನ್ನು ಕಂಡಿದ್ದರೂ, ಕಣ್ಣು ಎಳೆಯದೆ ನೋಡಿದ್ದು ಅದೇ ಮೊದಲು ಎಂದರು ಮಾವ.

ಪ್ರವಾಸದ ನಡುವೆ ಒಂದು ದಿನ ಸಮುದ್ರ ಕೆಟ್ಟಿತು. ಗಾಳಿ ಅಷ್ಟಿರಲಿಲ್ಲ, ಎಲ್ಲೋ ದೂರದ ಬಿರುಗಾಳಿಯ ದೆಸೆಯಿಂದ ನೀರು ಮಾತ್ರ ಉಬ್ಬುಬ್ಬಿ ಇಳಿಯುತ್ತಿತ್ತು. ಅತ್ತೆಗೆ ತಲೆ ಗಿರ್ರೆಂದು ಸುತ್ತಿ, ಹೊಟ್ಟೆಯಲ್ಲಿದ್ದದ್ದೆಲ್ಲ ಆಚೆಗೆ ಬಂತು. ಕೋಣೆ ಗುಡಿಸಲು ಬಂದ ಹೆಂಗಸು ನೋಡಿ, “ಒಳಗೆ ಮಲಗಿಸ್ಬೇಡಿ. ಗಾಳಿಗೆ ಕೂರಿಸಿ, ನೀರು ಆಕಾಶ ಕೂಡೋ ಕಡೆ ನೋಡ್ತಾ ಇರಲಿ,” ಎಂದಳು. ಮಾವ ಹೆಂಡತಿಯನ್ನು ನಡೆಸಿಕೊಂಡು ಹೋಗಿ ಬಾಲ್ಕನಿಯಲ್ಲಿ ಕೂರಿಸಿ, ಕಂಬಳಿ ಸುತ್ತಿ, ಪಕ್ಕದಲ್ಲಿ ಕೂತು ಅವರ ತಲೆಯನ್ನು ತಮ್ಮ ಹೆಗಲಿಗೆ ಒರಗಿಸಿಕೊಂಡರು. ಒಣ ಬ್ರೆಡ್ ತರಿಸಿ ಚೂರುಚೂರೇ ಬಾಯಿಗೆ ಕೊಟ್ಟರು. ನಡುವೆ ತಾವೂ ಒಂದು ಚೂರು ಅಗಿದು, “ಉಪ್ಪು ಕಮ್ಮಿ. ಹಿಟ್ಟು ಉಬ್ಬೋಕೂ ಬಿಟ್ಟಿಲ್ಲ, ಅವಸರ ಮಾಡಿದ್ದಾರೆ,” ಎಂದರು. ಆ ಸಂಕಟದಲ್ಲೂ ಅತ್ತೆಗೆ ನಗು ಬಂತು.

ಸ್ವಲ್ಪ ಹೊತ್ತಾದ ಮೇಲೆ ಮಾವ ಕೇಳಿದರು: “ಮೊದಲೆಲ್ಲ ನಿನಗೆ ಹುಷಾರು ತಪ್ಪಿದಾಗ ಯಾರು ನೋಡ್ಕೊಳ್ತಿದ್ರು?”

“ಪಕ್ಕದ ಮನೆಯವಳು ಬರೋಳು. ಇಲ್ಲದಿದ್ರೆ ನಾನೇ.”

“ನನ್ನನ್ನ ಎಬ್ಬಿಸಬಹುದಿತ್ತಲ್ಲ.”

ಅತ್ತೆ ಕಣ್ಣು ದೂರದ ಗೆರೆಯಿಂದ ಕದಲಿಸದೆ ಹೇಳಿದರು: “ಒಂದು ಸಲ ಎಬ್ಬಿಸಿದ್ದೆ. ಮಗಳಿಗೆ ಜ್ವರ ಬಂದಿತ್ತು, ಹಗಲೆಲ್ಲ ಅವಳನ್ನ ಎತ್ಕೊಂಡು ಓಡಾಡಿದ್ರಿ. ಅವತ್ತು ರಾತ್ರಿ ಓವನ್ ಮುಂದೆ ತೂಕಡಿಸಿ ಕೈ ಸುಟ್ಕೊಂಡು ಬಂದ್ರಿ. ಅಲ್ಲಿಗೆ ನಾನು ಎಬ್ಬಿಸೋದು ಬಿಟ್ಟೆ.”

ಮಾವನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈ ತನಕ ಆ ಸುಟ್ಟ ಗಾಯದ ಕಲೆ ಇದೆ. ಅದು ಬಂದ ಬಗೆ ಅವರಿಗೆ ನೆನಪಿತ್ತು. ಅದರ ಕಾರಣಕ್ಕೆ ತಮ್ಮ ಹೆಂಡತಿ ಎಷ್ಟು ಜ್ವರಗಳನ್ನು ಒಬ್ಬರೇ ಕಳೆದರು ಎಂಬುದು ಗೊತ್ತಿರಲಿಲ್ಲ. ಇದನ್ನು ನನಗೆ ಹೇಳುವಾಗ ಮಾವ ಎದ್ದು ನೀರು ಕುಡಿಯಲು ಹೋದರು. ಉಳಿದದ್ದನ್ನು ಅತ್ತೆಯೇ ಹೇಳಿದರು: “ಇನ್ನೊಂದು ಚೂರು ಬ್ರೆಡ್ ಬಾಯಿಗಿಟ್ರು ಕಣೇ. ಸಂಜೆ ತನಕ ಹೆಗಲು ಮಾತ್ರ ಅಲ್ಲಾಡಿಸ್ಲಿಲ್ಲ. ಮಾರನೇ ದಿನ ಕತ್ತು ತಿರುಗಿಸೋಕೆ ಆಗ್ತಿರಲಿಲ್ಲ ಅವರಿಗೆ.”

ಸಂಜೆಗೆ ನೀರು ಇಳಿಯಿತು. ಅತ್ತೆ ಎದ್ದು ಮುಖ ತೊಳೆದು, ತಲೆ ಬಾಚಿ, ಹಸಿವು ಎಂದರು. ವಾಪಸು ಬರುವಾಗ ಸೂರ್ಯ ಮಾತು ಕೊಟ್ಟ ಹಾಗೆ ಎಡಗಡೆಯೇ ಎದ್ದ. ಮಾವ ಆ ಬೆಳಗು ಮಾತ್ರ ಬಿಸಿಲು ಮುಖದ ಮೇಲೆ ಬಿದ್ದರೂ ಏಳದೆ ಗೊರಕೆ ಹೊಡೆದರು. ಅತ್ತೆ ಒಬ್ಬರೇ ಹೊರಗೆ ಕೂತು ಸೂರ್ಯನನ್ನೂ ಗಂಡನನ್ನೂ ಸರದಿಯ ಮೇಲೆ ನೋಡಿದರಂತೆ.

ಈಗ ಅವರ ಮಗಳಿಗೆ ಹೆರಿಗೆಯಾಗಿದೆ, ಬಾಣಂತಿ ತವರಿಗೆ ಬಂದಿದ್ದಾಳೆ. ಮಗು ಕೋಳಿ ಕೂಗುವ ಮೊದಲೇ ಎದ್ದು ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತದೆ. ಮೊನ್ನೆ ನೋಡಲು ಹೋಗಿ ಅಲ್ಲೇ ಉಳಿದಿದ್ದೆ. ನಸುಕಿನಲ್ಲಿ ಅಳು ಕೇಳಿ ನಾನು ಏಳುವಷ್ಟರಲ್ಲಿ ಮಾವ ಆಗಲೇ ಮಗುವನ್ನು ತೋಳಿಗೆ ಹಾಕಿಕೊಂಡು ಹಾಲಿನಲ್ಲಿ ಅಡ್ಡಾಡುತ್ತಿದ್ದರು. ಹಿಟ್ಟಿನ ಮುದ್ದೆಯನ್ನು ಹಿಡಿಯುವ ಹಾಗೆ, ಕೆಳಗಿನಿಂದ ಎರಡೂ ಅಂಗೈ ಕೊಟ್ಟು ಹಿಡಿದಿದ್ದರು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು, “ಕೊಡಿ ಇಲ್ಲಿ, ನೀವು ಸ್ವಲ್ಪ ಮಲಗಿ,” ಎಂದರು.

“ನೀನು ಮಲಗೇ,” ಎಂದರು ಮಾವ. “ಇದು ನನ್ನ ಪಾಳಿ.”

ಅತ್ತೆ ವಾದ ಮಾಡಲಿಲ್ಲ. ಒಳಗೆ ಹೋಗಿ ಮಲಗಿದರು, ಬೆಳಕು ಚೆನ್ನಾಗಿ ಹರಿಯುವ ತನಕ ಏಳಲಿಲ್ಲ.