ಎಲುಬಿನ ಡಾಕ್ಟರುಗಳ ಚರಿತ್ರೆಗೆ ಕೋಲು ಆಗುವುದಿಲ್ಲವಂತೆ

ಸ್ನೇಹಿತರೇ, ಇವತ್ತು ಎಲುಬಿನ ಡಾಕ್ಟರುಗಳ ಸಂಘದವರು ನನ್ನ ಊರುಗೋಲನ್ನೇ ಕಸಿದುಕೊಳ್ಳಲು ಹೊರಟರು. ಕೊಡಿಯಾಲ್‌ಬೈಲಿನ ಒಂದು ಹಾಲ್‌ನಲ್ಲಿ ಸಂಘದ ಚರಿತ್ರೆಯ ಪುಸ್ತಕಕ್ಕೆ ಫೋಟೋ ತೆಗೆಯುವುದಿತ್ತು. ಪಣಂಬೂರಿನ ಬಂದರಿನಲ್ಲಿ ಕೆಲಸ ಮಾಡುವಾಗ ಲೋಡು ಬಿದ್ದು ಮುರಿದ ನನ್ನ ಕಾಲಿಗೆ ರಾಡ್ ಹಾಕಿದವರು ಈ ಸಂಘ ಕಟ್ಟಿದ ದೊಡ್ಡ ಡಾಕ್ಟರು. ಹಾಗಾಗಿ ನಾನೂ ಚರಿತ್ರೆಯಂತೆ!

ಸ್ಟೇಜಿನ ಮೆಟ್ಟಿಲಲ್ಲಿ ಕೋಟು ಹಾಕಿದ ಕಾರ್ಯದರ್ಶಿ ನನ್ನನ್ನು ತಡೆದರು.

"ಅಜ್ಜೇರೇ, ಕೋಲು ಇಲ್ಲೇ ಇಡಿ. ಫೋಟೋದಲ್ಲಿ ಚಂದ ಕಾಣುವುದಿಲ್ಲ."

"ಕೋಲು ಬಿಟ್ರೆ ಬೀಳ್ತೇನೆ ಮಾರಾಯ್ರೇ."

"ಎರಡೇ ನಿಮಿಷ. ಆಪರೇಷನ್ ಸಕ್ಸೆಸ್ ಅಂತ ಜನರಿಗೆ ಗೊತ್ತಾಗ್ಬೇಕಲ್ಲ?"

"ಸಕ್ಸೆಸ್ ಆದ್ದಕ್ಕೇ ಕೋಲು ಹಿಡಿದು ನಡೀತೇನೆ. ಇಲ್ಲದಿದ್ರೆ ಮಲಗಿಯೇ ಇರ್ತಿದ್ದೆ. ನಿಮಗೆ ಎಂತದ್ದು ನಾಚಿಕೆ?"

ಕೋಲು ಊರಿಕೊಂಡೇ ಹತ್ತಿದೆ. ಮೇಲೆ ದೊಡ್ಡ ಡಾಕ್ಟರು ಹಾರ ಹಾಕಿಸಿಕೊಂಡು ಕುರ್ಚಿಯಲ್ಲಿ ಮುದುಡಿ ಕುಳಿತಿದ್ದರು. ಈಗ ಅವರಿಗೂ ಆಸರೆ ಇಲ್ಲದೆ ನಡೆಯಲಾಗುವುದಿಲ್ಲ. ನನ್ನನ್ನು ಹತ್ತಿರ ಕರೆದು ಮೆಲ್ಲ ಹೇಳಿದರು:

"ಶೀನ, ನನ್ನ ವಾಕರನ್ನು ಪರದೆಯ ಹಿಂದೆ ಇಟ್ಟಿದ್ದಾರೆ. ಅರ್ಜೆಂಟ್ ಬಾತ್‌ರೂಮಿಗೆ ಹೋಗ್ಲಿಕ್ಕುಂಟು. ಕೇಳಿದ್ರೆ ಫೋಟೋ ಆಗ್ಲಿ ಅಂತಾರೆ."

ಇಷ್ಟು ಜನ ಎಲುಬಿನ ಡಾಕ್ಟರುಗಳಿದ್ದೂ ಒಬ್ಬನಿಗೂ ಆ ಮನುಷ್ಯನನ್ನು ಎಬ್ಬಿಸಬೇಕೆಂದು ತೋಚಲಿಲ್ಲ. ನಾನೇ ಪರದೆ ಸರಿಸಿ ವಾಕರ್ ಎಳೆದು ತಂದೆ. ಸಭೆಯೆಲ್ಲ ನೋಡುತ್ತಿರುವಾಗಲೇ ನಾವಿಬ್ಬರು ಕುಂಟುತ್ತಾ ಇಳಿದು ಹೋದೆವು.

ವಾಪಸ್ಸು ಬರುವಾಗ ಫೋಟೋ ತೆಗೆದು ಮುಗಿದಿತ್ತು. ಅದರಲ್ಲಿ ಕೋಟಿನವರೆಲ್ಲ ಸಾಲಾಗಿ ನಿಂತಿದ್ದಾರೆ, ಸಂಘ ಕಟ್ಟಿದವರು ಮಾತ್ರ ಇಲ್ಲ. ಚರಿತ್ರೆ ಭಾರೀ ಚಂದ ಬಂದಿದೆಯಂತೆ.