ಬೀಗದವನ ಆರು ಗೆರೆಯ ಮೀನು

ನಮ್ಮ ಬೀದಿಯ ಬೀಗದವನಷ್ಟು ಮುಂಗೋಪಿಯನ್ನು ನಾನು ಕಂಡಿಲ್ಲ. ಕೀಲಿ ಮಾಡಿಸಲು ಬಂದವರ ಮೇಲೂ ಎಗರಾಡುತ್ತಿದ್ದ. ಅವನ ಗಂಟಲು ತಗ್ಗುತ್ತಿದ್ದದ್ದು ನಡುಮನೆಯ ಉಪ್ಪುನೀರಿನ ಅಕ್ವೇರಿಯಂ ಮುಂದೆ ಮಾತ್ರ. ಅದರಲ್ಲಿದ್ದದ್ದು ಒಂದೇ ಮೀನು, ರಾಸ್ ಎಂಬ ಕಡಲ ಜಾತಿಯದು, ಬೆರಳುದ್ದ, ಮೈಮೇಲೆ ಆರು ನೀಲಿ ಗೆರೆ.

ಗಂಡ ತೀರಿಕೊಂಡ ಮೇಲೆ ಬೀಗದವನ ಅಕ್ಕ ತವರಿಗೆ ಬಂದಳು. ಒಂದು ಕೈಯಲ್ಲಿ ಬಟ್ಟೆಯ ಪೆಟ್ಟಿಗೆ, ಇನ್ನೊಂದರಲ್ಲಿ ನೀರು ತುಂಬಿದ ಚೀಲ. ಚೀಲದೊಳಗೆ ಗಂಡ ಸಾಕಿದ್ದ ಕೆಂಪು ರಾಸ್. ಅವನ ನೆನಪಿಗೆ ಉಳಿದಿದ್ದ ಜೀವ ಅದೊಂದೇ.

"ಸೀದಾ ಬಿಡಬೇಡ ಕಣೋ. ಮೊದಲು ತೂತಿನ ಡಬ್ಬೀಲಿ ಹಾಕಿ ತೊಟ್ಟಿಯೊಳಗೆ ಇಡು. ಒಂದರ ಮುಖ ಒಂದಕ್ಕೆ ಅಭ್ಯಾಸ ಆಗ್ಲಿ."

"ಮೀನಿಗೇನು ಸಂಬಂಧ ಕುದುರಿಸ್ತಾ ಇದೀವಾ?"

ಅವಳು ಮುಖ ತೊಳೆದು ಬರುವಷ್ಟರಲ್ಲಿ ಚೀಲ ಖಾಲಿಯಾಗಿತ್ತು. ಆರು ಗೆರೆಯದು ಕಲ್ಲಿನ ಸಂದಿಯಿಂದ ನುಗ್ಗಿ ಬಂದು ಕೆಂಪು ಮೀನಿನ ಬಾಲಕ್ಕೆ ಬಾಯಿ ಹಾಕಿತು. ಸಂಜೆಗೆಲ್ಲ ರೆಕ್ಕೆ ಚಿಂದಿ. ಮರುದಿನ ಪಾಪದ್ದು ಮೂಲೆಯ ಮರಳಿಗೆ ಆತುಕೊಂಡಿತ್ತು. ಆಹಾರದತ್ತ ತಿರುಗಿದರೂ ಏಟು.

"ನಿನ್ನ ರೌಡೀನ ಹಿಡಿದು ಡಬ್ಬಿಗೆ ಹಾಕು. ಇಲ್ದಿದ್ರೆ ಇದು ಸಾಯತ್ತೆ."

"ಹಾಕಲ್ಲ. ಮೊದಲು ಬಂದೋರದೇ ಜಾಗ. ಆಮೇಲೆ ಬಂದೋರು ತಗ್ಗಿ ಬಗ್ಗಿ ಇರ್ಬೇಕು."

"ಈ ಮಾತು ಮೀನಿಗಾ, ನನಗಾ?"

"ಯಾರಿಗೆ ತಾಗತ್ತೋ ಅವರಿಗೆ."

ಅಕ್ಕನ ಕಣ್ಣು ಕೆಂಡವಾಯಿತು. "ಸರಿ ಬಿಡು. ಈ ಮನೇಲಿ ಮೊದಲು ಹುಟ್ಟಿದೋಳು ನಾನು. ನಿನ್ನ ಮೂಗು ಒರೆಸಿ ಬೆಳೆಸಿದೋಳೂ ನಾನೇ. ನಿನ್ನ ಲೆಕ್ಕದಲ್ಲಿ ಆಮೇಲೆ ಬಂದೋನು ನೀನು. ಬಗ್ಗು!"

ಬೀಗದವನು ಹಲ್ಲು ಕಡಿಯುತ್ತ ತೋಳೇರಿಸಿ ಬಲೆ ಹಿಡಿದ. ಆ ಮೀನು ಸುಲಭಕ್ಕೆ ಸಿಗುವುದೇ? ಕಲ್ಲುಗಳನ್ನೆಲ್ಲ ಹೊರಗೆ ತೆಗೆದ ಮೇಲೆ ಸಿಕ್ಕಿತು, ಡಬ್ಬಿಗೆ ಬಿತ್ತು. ಅಕ್ಕ ಕಲ್ಲುಗಳನ್ನು ಬೇರೆ ರೀತಿಯಲ್ಲಿ ಪೇರಿಸತೊಡಗಿದಳು.

"ಮುಂಚೆ ಇದ್ದ ಹಾಗೇ ಇಡಕ್ಕ!"

"ಇಡಲ್ಲ. ಹೊರಗೆ ಬಂದಾಗ ಅದಕ್ಕೆ ತನ್ನ ಗೂಡು ಸಿಗಬಾರದು."

ಕೆಲವು ವಾರ ಆರು ಗೆರೆಯದು ಡಬ್ಬಿಗೆ ಗುದ್ದಿ ಗುದ್ದಿ ಸೋತಿತು. ಕೆಂಪು ಮೀನಿನ ರೆಕ್ಕೆ ಚಿಗುರಿತು. ಬಿಟ್ಟ ದಿನ ಆರು ಗೆರೆಯದು ಎರಡು ಸಲ ಮೇಲೆ ಬಿದ್ದು ಹಳೆಯ ಸಂದಿ ಹುಡುಕಿತು. ಸಂದಿಯೇ ಇಲ್ಲ. ಕೆಂಪು ಮೀನು ಬೆನ್ನಿನ ರೆಕ್ಕೆ ನಿಗುರಿಸಿ ನಿಂತಲ್ಲೇ ನಿಂತಿತು. ಆಹಾರ ಬಿದ್ದಾಗ ಎರಡೂ ತಿಂದವು, ಒಂದು ಈ ತುದಿಯಲ್ಲಿ, ಒಂದು ಆ ತುದಿಯಲ್ಲಿ.

"ನೋಡಿದ್ಯಾ?" ಎಂದಳು ಅಕ್ಕ.

"ನನ್ನ ಮೀನನ್ನ ಹೆದರುಪುಕ್ಕಲು ಮಾಡಿಬಿಟ್ಟೆ," ಎಂದು ಬೀಗದವನು ಗುರುಗುಟ್ಟಿದ. "ಇನ್ನು ಅಡುಗೆಮನೆ ಸಾಮಾನು ಆಚೀಚೆ ಮಾಡೀಯ, ಜೋಕೆ!"

"ಆಗ್ಲೇ ಮಾಡಿ ಆಯ್ತು."